ಕರ್ಸಿವ್ ಫಾಂಟ್ ಹಾಕಿ ರೇಡಿಯಂ ಕತ್ತರಿಸಿದರೆ ಅಕ್ಷರ ಕೂಡುವ ಕಡೆಯೆಲ್ಲ ತುಂಡಾಗುತ್ತಿದೆ

ರೇಡಿಯಂ_ಮುಧೋಳ:
ಎಲ್ಲರಿಗೂ ನಮಸ್ಕಾರ. ಮುಧೋಳದಲ್ಲಿ ನನ್ನದು ಗಾಡಿಗಳಿಗೆ ಹೆಸರು ಅಂಟಿಸುವ ಸಣ್ಣ ರೇಡಿಯಂ ಸ್ಟಿಕರ್ ಅಂಗಡಿ. ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಟ್ರ್ಯಾಕ್ಟರ್‌ನವರು ಸಾಲು ಹಚ್ಚುತ್ತಾರೆ. ಒಬ್ಬ ಮಾಲಕರು ಟ್ರ್ಯಾಲಿ ಹಿಂದೆ ‘ಶ್ರೀ ಲಕ್ಷ್ಮೀ’ ಅಂತ ಇಂಗ್ಲಿಷ್‌ನಲ್ಲಿ, ಮದುವೆ ಕಾರ್ಡಿನಲ್ಲಿ ಇರುತ್ತಲ್ಲ, ಆ ಬಳ್ಳಿ ಬಳ್ಳಿ ಅಕ್ಷರದಲ್ಲಿ ಬೇಕು ಅಂದರು. ಗ್ರೇಟ್ ವೈಬ್ಸ್ ಫಾಂಟ್ ಹಾಕಿದೆ. ಡಿಸೈನ್ ಮಾಡುವ ಕೋರೆಲ್ ಸಾಫ್ಟ್‌ವೇರ್‌ನಲ್ಲಿ ನೋಡಲು ಬಹಳ ಚಂದ. ಶೀಟ್ ಕತ್ತರಿಸುವ ಪ್ಲಾಟರ್ ಮಷಿನ್‌ಗೆ ಕೊಟ್ಟರೆ ಅಕ್ಷರ ಕೂಡುವ ಕಡೆಯೆಲ್ಲ ಅಡ್ಡ ಕತ್ತರಿಸುತ್ತದೆ. ಬೇಡದ ಶೀಟ್ ಕೀಳುವಾಗ ಎಳ್ಳಿನಷ್ಟು ಚೂರುಗಳು ಉದುರುತ್ತವೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದೆ. ಆಗ ಕೊಂಡಿಗಳೇ ಬಿಟ್ಟುಹೋದವು. ಎರಡು ಮೀಟರ್ ಶೀಟ್ ಹಾಳು. ಏನು ಮಾಡಲಿ?

ಸ್ಟಿಕರ್_ಹುಡುಗ:
ಬ್ಲೇಡ್ ಸವೆದಿರಬೇಕು ಅಣ್ಣಾ, ಬದಲಿಸಿ ನೋಡಿ.

ರೇಡಿಯಂ_ಮುಧೋಳ:
ಹೊಸದು ಹಾಕಿದೆ ತಮ್ಮಾ. ಹಾಗೇ ಇದೆ. ಸಾದಾ ಫಾಂಟ್ ಮಾತ್ರ ಸರಿಯಾಗಿ ಬರುತ್ತಿದೆ.

ಕಟಿಂಗ್_ಕಾಕಾ_ವಿಜಯಪುರ:
ಸಾದಾ ಫಾಂಟ್ ಸರಿ ಬರುತ್ತಿದೆ ಅಂದಮೇಲೆ ಮಷಿನ್ ತಪ್ಪಲ್ಲ. ಕೋರೆಲ್‌ನಲ್ಲಿ ವ್ಯೂ ಮೆನುಗೆ ಹೋಗಿ ವೈರ್‌ಫ್ರೇಮ್ ಮಾಡಿ, ಬಣ್ಣ ಹೋಗಿ ಬರೀ ಅಂಚಿನ ಗೆರೆ ಉಳಿಯುತ್ತದೆ. ಒಂದಕ್ಷರದ ಬಾಲ ಮುಂದಿನ ಅಕ್ಷರದ ಹೊಟ್ಟೆಯೊಳಗೆ ಹೊಕ್ಕಿರುವುದು ಕಾಣುತ್ತದೆ. ಈ ಫಾಂಟ್‌ಗಳ ಗುಟ್ಟೇ ಅದು. ಒಂದರ ಮೇಲೊಂದು ಹತ್ತಿ ಕೂತು, ಕೈಬರಹದಂತೆ ತೋರುತ್ತವೆ. ಕಾಗದದ ಮೇಲೆ ಮಸಿಗೆ ಅದು ಲೆಕ್ಕಕ್ಕಿಲ್ಲ. ಬ್ಲೇಡ್ ಮಾತ್ರ ಪ್ರತಿ ಅಕ್ಷರದ ಅಂಚನ್ನೂ ಸುತ್ತಿ ಬರುತ್ತದೆ.

ಅಂತರ ಮೊದಲು ಸೊನ್ನೆಗೆ ತನ್ನಿ. ಟೆಕ್ಸ್ಟ್ ಇರುವಾಗಲೇ ಕಂಟ್ರೋಲ್-ಕೆ ಒತ್ತಿ, ಒಂದೊಂದು ಅಕ್ಷರ ಬೇರೆಯಾಗುವ ತನಕ. ಆಮೇಲೆ ಎಲ್ಲ ಆರಿಸಿ ಕಂಟ್ರೋಲ್-ಕ್ಯೂ, ಕರ್ವ್ ಆಗುತ್ತದೆ, ಅಂದರೆ ಅಕ್ಷರ ಹೋಗಿ ಬರೀ ಗೆರೆಯ ಆಕಾರ. ಕೊನೆಗೆ ವೆಲ್ಡ್, ಅಂದರೆ ಒಂದರ ಮೇಲೊಂದು ಕೂತ ಆಕಾರಗಳನ್ನು ಒಂದೇ ಮಾಡುವುದು. ಮೊದಲೇ ಕರ್ವ್ ಮಾಡಿ ನಂತರ ಒಡೆದರೆ ಇಂಗ್ಲಿಷಿನ ‘ಎ’, ‘ಓ’ ಅಕ್ಷರಗಳ ಒಳಗಿನ ತೂತು ಬೇರೆಯಾಗಿ, ವೆಲ್ಡ್‌ನಲ್ಲಿ ಮುಚ್ಚಿಹೋಗುತ್ತದೆ. ನಾನು ಹಾಗೆ ಒಂದು ಜೀಪಿಗೆ ಕುರುಡು ಅಕ್ಷರ ಅಂಟಿಸಿದ್ದೇನೆ! ಪುಕ್ಕಟೆ ಸಿಗುವ ಇಂಕ್‌ಸ್ಕೇಪ್ ಸಾಫ್ಟ್‌ವೇರ್ ಇದ್ದರೆ ಇನ್ನೂ ಸುಲಭ, ಆಬ್ಜೆಕ್ಟ್ ಟು ಪಾತ್, ನಂತರ ಯೂನಿಯನ್. ಅಷ್ಟೇ.

ಕಾರ್ಡ್_ಅಕ್ಕ_ಬೆಳಗಾವಿ:
ಕಾಕಾ ಹೇಳಿದ್ದು ಸರಿ. ಆದರೆ ಈ ಫಾಂಟ್ ಟ್ರ್ಯಾಲಿಗೆ ಬೇಕಾ ಅಂತಲೂ ಯೋಚಿಸಿ. ನಾನು ಮದುವೆ ಕಾರ್ಡ್ ಮಾಡುತ್ತೇನೆ, ಅಲ್ಲಿ ಇದಕ್ಕಿಂತ ಚಂದದ್ದಿಲ್ಲ. ಇದರ ಮೂಲ ಚೂಪು ತುದಿಯ ಗರಿ ಲೇಖನಿ. ಒತ್ತಿ ಎಳೆದರೆ ದಪ್ಪ, ಹಗುರವಾಗಿ ಎತ್ತಿದರೆ ಕೂದಲಿನಂಥ ಗೆರೆ. ಇಂಗ್ಲೆಂಡಿನಲ್ಲಿ 1733ರಿಂದ 1741ರವರೆಗೆ ಜಾರ್ಜ್ ಬಿಕಮ್ ಇಂಥ ಬರಹಗಳನ್ನು ತಾಮ್ರದ ಹಲಗೆಯಲ್ಲಿ ಕೊರೆದು ಅಚ್ಚು ಹಾಕಿದ. ಈ ಶೈಲಿಗೆ ಕಾಪರ್‌ಪ್ಲೇಟ್ ಅನ್ನುವ ಹೆಸರು ಆ ತಾಮ್ರದಿಂದಲೇ ಬಂದದ್ದು. ಕಾಗದಕ್ಕೆಂದು ಹುಟ್ಟಿದ ಕೂದಲೆಳೆ ಧೂಳು, ಮಳೆ, ಕಬ್ಬಿನ ರವುದಿ ತಡೆಯುತ್ತದಾ?

ಹಾಕಲೇಬೇಕು ಅಂದರೆ ವೆಲ್ಡ್ ಆದಮೇಲೆ ಕಂಟೂರ್ ಹಾಕಿ ಹೊರಕ್ಕೆ ದಪ್ಪ ಮಾಡಿ. ತೆಳು ಗೆರೆ ಕನಿಷ್ಠ ಎರಡು ಮಿಲಿಮೀಟರ್ ಇದ್ದರೆ ನನಗೆ ಧೈರ್ಯ. ಎಲ್ಲವನ್ನೂ ಕ್ಯಾಪಿಟಲ್ ಅಕ್ಷರದಲ್ಲಿ ಹಾಕಲೇಬೇಡಿ, ಸುರುಳಿಗೆ ಸುರುಳಿ ಸಿಕ್ಕಿಕೊಂಡು ದೇವರಿಗೂ ಓದಲಾಗುವುದಿಲ್ಲ. ‘ಎಸ್’ ಮತ್ತು ‘ಎಲ್’ ಈ ಶೈಲಿಯಲ್ಲಿ ಅಕ್ಕತಂಗಿಯರಂತೆ, ನಿಮ್ಮ ಹೆಸರಿನಲ್ಲಿ ಎರಡೂ ಇವೆ. ಹತ್ತು ಹೆಜ್ಜೆ ದೂರ ನಿಂತು ಬೇರೆಯವರಿಂದ ಓದಿಸಿ. ಫೋನ್ ನಂಬರ್ ಸಾದಾ ಫಾಂಟ್‌ನಲ್ಲೇ ಇರಲಿ. ಅಂದ ಹಾಗೆ ಗ್ರೇಟ್ ವೈಬ್ಸ್ ಓಪನ್ ಫಾಂಟ್ ಲೈಸೆನ್ಸ್‌ನದು, ಅಂಗಡಿ ಕೆಲಸಕ್ಕೆ ಅಡ್ಡಿಯಿಲ್ಲ. ‘ಸ್ವಂತ ಬಳಕೆಗೆ ಮಾತ್ರ’ ಅಂತ ಬರೆದಿರುವ ಫಾಂಟ್‌ಗಳನ್ನು ದುಡ್ಡಿನ ಕೆಲಸಕ್ಕೆ ತೆಗೆದುಕೊಳ್ಳಬೇಡಿ.

ರೇಡಿಯಂ_ಮುಧೋಳ:
ಕಾಕಾ, ವೆಲ್ಡ್ ಮಾಡಿದೆ, ಒಂದೇ ತುಂಡಾಗಿ ಎದ್ದು ಬಂತು! ಅಕ್ಕಾ, ಓದಿಸಿ ನೋಡಿದೆ. ಪಕ್ಕದ ಚಹಾದ ಅಂಗಡಿಯವನು ‘ಎಲ್’ ನೋಡಿ ‘ಎಸ್’ ಅಂದ. ಮಾಲಕರಿಗೆ ತೋರಿಸಿದೆ. ಹಾಗಾದರೆ ಕನ್ನಡದಲ್ಲೇ ಹಾಕು, ಆದರೆ ಬಳ್ಳಿ ಇರಲಿ ಅಂದರು. ನುಡಿ ಫಾಂಟ್‌ನಲ್ಲಿ ಕಂಟ್ರೋಲ್-ಕೆ ಒತ್ತಿದರೆ ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಆಗುತ್ತಿವೆಯಲ್ಲ?

ಕಟಿಂಗ್_ಕಾಕಾ_ವಿಜಯಪುರ:
ಹೆದರಬೇಡಿ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಅಕ್ಷರ ತುಂಡು ತುಂಡಾಗಿಯೇ ಇರುತ್ತದೆ. ‘ಕ್ಷ್ಮೀ’ ಅಂದರೆ ‘ಕಿ’ ಒಂದು, ಷ ಒತ್ತು ಒಂದು, ಮ ಒತ್ತು ಒಂದು, ದೀರ್ಘ ಒಂದು. ಜಾಗ ಕದಲಿಸದೆ ಎಲ್ಲ ಆರಿಸಿ ಕರ್ವ್, ವೆಲ್ಡ್. ಒಂದಕ್ಕೊಂದು ತಾಗದ ಒತ್ತು ಹೇಗೂ ಬಿಡಿಯಾಗಿಯೇ ಉಳಿಯುತ್ತದೆ. ಮೇಲೆ ಟೇಪ್ ಹಾಕಿ ಎಲ್ಲ ಒಟ್ಟಿಗೆ ಎತ್ತಿ ಅಂಟಿಸಿ, ಅಳತೆ ತಪ್ಪುವುದಿಲ್ಲ.

ಕಾರ್ಡ್_ಅಕ್ಕ_ಬೆಳಗಾವಿ:
ಅಕಾಯಾ ಕನಡಕ ನೋಡಿ, ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಬಳ್ಳಿ ಅಲ್ಲ, ಆದರೆ ಬಳುಕು ಇದೆ, ಗೆರೆಯೂ ದಪ್ಪ. ಯುನಿಕೋಡ್‌ನದು. ಹಳೆಯ ಕೋರೆಲ್‌ನಲ್ಲಿ ಒತ್ತಕ್ಷರ ಒಡೆದರೆ ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ, ಪಾತ್ ಮಾಡಿಕೊಂಡು ಕೋರೆಲ್‌ಗೆ ತನ್ನಿ. ಬಳ್ಳಿ ಬೇಕೇ ಬೇಕು ಅಂದರೆ ‘ಲ’ದ ಕೆಳಗೆ ಒಂದು ಸುರುಳಿ ನೀವೇ ಎಳೆದು ವೆಲ್ಡ್ ಮಾಡಿ.

ರೇಡಿಯಂ_ಮುಧೋಳ:
ಆಯ್ತು ಅಕ್ಕಾ. ಅಂಟಿಸಿಯಾಯಿತು, ಹಳದಿ ಮೇಲೆ ಕೆಂಪು. ಸುರುಳಿ ಒಂದು ಸಾಲದು, ಇನ್ನೊಂದು ಬೇಕಂತೆ.