ಪೈಕ್ಯೂಟಿಯೊಳಗ ವಾಲ್ವ್ ಆಕಾರ ಬರ್ದೀನಿ, ಖಾಲಿ ಜಾಗದಾಗ ಒತ್ತಿದ್ರೂ ಕ್ಲಿಕ್ ಆಗ್ತದ

ಭೋಸರಿ_ಹುಡುಗ:
ನಮಸ್ಕಾರ್ರಿ. ಪುಣೆ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದೊಳಗಿನ ಒಂದ್ ಸಣ್ಣ ಕಾರ್ಖಾನೆಗೆ ಡೆಸ್ಕ್‌ಟಾಪ್ ಪ್ರೋಗ್ರಾಂ ಮಾಡಾಕತ್ತೀನಿ, ಪೈಥಾನ್, ಪೈಕ್ಯೂಟಿ6 (ಪೈಥಾನ್‌ದಾಗ ಕಿಟಕಿ, ಬಟನ್, ಚಿತ್ರ ಮಾಡೋ ಲೈಬ್ರರಿ). ಸ್ಕ್ರೀನ್ ಮ್ಯಾಲ ಒಂದ್ ಟ್ಯಾಂಕ್, ಅದರ ಪೈಪಿಗೆ ವಾಲ್ವ್, ವಾಲ್ವ್ ಅಂದ್ರ ಡ್ರಾಯಿಂಗ್‌ದಾಗ ಇರ್ತದಲ್ಲ ಎರಡು ತ್ರಿಕೋನ ತುದಿಗೆ ತುದಿ ಹಚ್ಚಿದ್ದು, ಅದ. ಒತ್ತಿದ್ರ ಹಸಿರು ಇದ್ದದ್ದು ಕೆಂಪ್ ಆಗ್ಬೇಕು. ಆಗ್ತದ, ಆದ್ರ ತ್ರಿಕೋನದ ಹೊರಗ ಒತ್ತಿದ್ರೂ ಆಗ್ತದ. ಇನ್ನೊಂದು, ಟ್ಯಾಂಕಿನ ಮ್ಯಾಲಿನ ಗುಮ್ಮಟಕ್ಕ ಡ್ರಾಆರ್ಕ್‌ಗೆ (ಕಮಾನು ಬರಿಯೋ ಫಂಕ್ಷನ್) ಶುರುವಿನ ಕೋನ 0, ಹರವು 180 ಕೊಟ್ರ ಅರ್ಧ ವರ್ತುಲ ಬರೋ ಬದ್ಲಿ ಹುಬ್ಬಿನಷ್ಟು ಗೆರಿ ಬರ್ತದ. ಆಫೀಸಿನ್ಯಾಗ ಪಿಎನ್‌ಜಿ ಚಿತ್ರ ಅಂಟಿಸಿಬಿಡು ಅಂತಾರ, ಝೂಮ್ ಮಾಡಿದ್ರ ಮಸುಕಾಗ್ತದ, ನನಗ ಬ್ಯಾಡ.

ಠಾಣೆ_ಭಟ್ರು:
ಡ್ರಾಆರ್ಕ್‌ಗೆ ಡಿಗ್ರಿ ಕೊಡ್ಲಿಕ್ಕಿಲ್ಲ ಮಾರಾಯ್ರೆ, ಒಂದು ಡಿಗ್ರಿಯನ್ನು 16 ತುಂಡು ಮಾಡಿದ ಲೆಕ್ಕ ಅದು. ನಿಮ್ಮ 180 ಅಂದ್ರೆ ಬರೀ ಹನ್ನೊಂದೂಕಾಲು ಡಿಗ್ರಿ. 2880 ಕೊಡಿ. ಆದ್ರೆ ಕ್ಯೂಪೇಂಟರ್‌ಪಾತ್‌ನ (ಗೆರೆ ಸೇರಿಸಿ ಆಕಾರ ಕಟ್ಟಿ ಇಡುವಂಥದ್ದು) ಆರ್ಕ್‌ಟು ಮಾತ್ರ ನೇರ ಡಿಗ್ರಿಯೇ ತೆಗೊಳ್ತದೆ, ಅಲ್ಲಿಯೂ 16ರಿಂದ ಗುಣಿಸ್ಲಿಕ್ಕೆ ಹೋಗ್ಬೇಡಿ.

ಕ್ಲಿಕ್ ವಿಷಯ ಎಂತ ಅಂದ್ರೆ, ವಿಜೆಟ್, ಅಂದ್ರೆ ಸ್ಕ್ರೀನಿನ ಮೇಲಿನ ಒಂದೊಂದು ಭಾಗ, ಮಾಮೂಲಿಗೆ ಆಯತ, ಒಳಗೆ ನೀವು ಎಂತ ಬರೆದಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಆಕಾರವನ್ನು ಒಂದು ಕ್ಯೂಪೇಂಟರ್‌ಪಾತ್ ಮಾಡಿ ಇಟ್ಕೊಳ್ಳಿ: (0,0)ರಿಂದ ಶುರು, (60,40)ಗೆ ಗೆರೆ, ಅಲ್ಲಿಂದ (60,0), ಮತ್ತೆ (0,40), ಆಮೇಲೆ ಶುರುವಿಗೆ ಸೇರಿಸಿ ಮುಚ್ಚುವ ಕ್ಲೋಸ್‌ಸಬ್‌ಪಾತ್. ಗೆರೆ ನಡುವಲ್ಲಿ ಒಂದನ್ನೊಂದು ದಾಟಿ ತ್ರಿಕೋನ ಎರಡೂ ತಾನಾಗಿ ಬರ್ತದೆ. ಪೇಂಟ್‌ಈವೆಂಟ್‌ನಲ್ಲಿ ಅದನ್ನೇ ಬರೀರಿ, ಮೌಸ್‌ಪ್ರೆಸ್‌ಈವೆಂಟ್‌ನಲ್ಲಿ ಅದೇ ಪಾತ್‌ನ ಕಂಟೇನ್ಸ್‌ಗೆ ಮೌಸ್ ಬಿಂದು ಕೊಟ್ಟು ಅದು ಆಕಾರದ ಒಳಗುಂಟಾ ಅಂತ ಕೇಳಿ. ಝೂಮ್‌ಗೆ ಪೇಂಟರ್‌ನ ಸ್ಕೇಲ್ ಮಾಡ್ತೀರಾದ್ರೆ ಮೌಸ್ ಬಿಂದುವನ್ನೂ ಅಷ್ಟರಿಂದ ಭಾಗಿಸ್ಬೇಕು, ಇಲ್ಲಾಂದ್ರೆ ಕ್ಲಿಕ್ ಎಲ್ಲೋ ಬೀಳ್ತದೆ. ಅಂಚು ಗರಗಸ ಕಂಡ್ರೆ ಆಂಟಿಅಲಿಯಾಸಿಂಗ್ ಆನ್ ಮಾಡಿ.

ಮಡಗಾಂವ್_ಕೋಡರ್:
ಝೂಮ್ ಬೇಕು ಅಂದ್ಮೇಲೆ ಈ ಭಾಗಾಕಾರ ಎಲ್ಲ ಯಾಕೆ, ಝೂಮ್, ಕ್ಲಿಕ್ ಲೆಕ್ಕ ತಾನೇ ಮಾಡೋ ಕ್ಯೂಗ್ರಾಫಿಕ್ಸ್‌ವ್ಯೂ ಹಾಕಿ ಗುರು. ಪ್ರತಿ ವಾಲ್ವ್ ಒಂದು ಐಟಂ, ಶೇಪ್ ಫಂಕ್ಷನ್‌ನಲ್ಲಿ ಆ ಪಾತ್ ವಾಪಸ್ ಕೊಟ್ರೆ ಕ್ಲಿಕ್ ಅದೇ ನೋಡ್ಕೊಳ್ಳುತ್ತೆ. ಬೌಂಡಿಂಗ್‌ರೆಕ್ಟ್‌ಗೆ (ಐಟಂ ಸುತ್ತಿನ ಆಯತ) ಪೆನ್ನಿನ ಅರ್ಧ ದಪ್ಪ ಸುತ್ತಲೂ ಸೇರಿಸಿ, ಮರೆತ್ರೆ ಐಟಂ ಸರಿಸಿದಾಗ ಹಿಂದೆ ಗೆರೆ ಉಳೀತಾವೆ.

ಭೋಸರಿ_ಹುಡುಗ:
2880 ಕೊಟ್ಟೆ, ಗುಮ್ಮಟ ಬಂತ್ರಿ! ವಾಲ್ವ್ ಆರೇ ಅದಾವು, ಆದ್ರ ಮುಂದ ಹೆಚ್ಚಾಗಬಹುದು, ವ್ಯೂಗೇ ಹೋಗ್ತೀನಿ. ಟ್ಯಾಂಕಿನ್ಯಾಗ ನೀರಿನ ಮಟ್ಟ ತೋರಸೋದು ಹ್ಯಾಂಗ? ತಳದಾಗ ಗುಂಡಗ ಐತಿ, ಆಯತ ಬರದ್ರ ಮೂಲಿ ಹೊರಗ ಬರ್ತಾವ. ರೀಡಿಂಗ್ ಬ್ಯಾರೆ ಥ್ರೆಡ್‌ನಿಂದ (ಪ್ರೋಗ್ರಾಂದಾಗ ಜೊತಿಗೇ ಓಡೋ ಇನ್ನೊಂದು ಕೆಲಸ) ಬರ್ತದ.

ಠಾಣೆ_ಭಟ್ರು:
ಟ್ಯಾಂಕಿನ ಪಾತ್ ಅನ್ನು ಸೆಟ್‌ಕ್ಲಿಪ್‌ಪಾತ್‌ಗೆ ಕೊಟ್ಟು ಆಮೇಲೆ ನೀರಿನ ಆಯತ ತುಂಬಿಸಿ, ಹೊರಗಿನದ್ದು ತಾನೇ ಕತ್ತರಿಸಿ ಹೋಗ್ತದೆ. ವೈ ಕೆಳಗೆ ಹೋದ ಹಾಗೆ ಹೆಚ್ಚಾಗುವುದು, ಆದ್ದರಿಂದ ಆಯತದ ಮೇಲಂಚು ಅಂದ್ರೆ ತಳದ ವೈಯಿಂದ ಮಟ್ಟದ ಎತ್ತರ ಕಳೆದದ್ದು. ಥ್ರೆಡ್‌ನಿಂದ ನೇರ ಐಟಂ ಮುಟ್ಬೇಡಿ, ಸಿಗ್ನಲ್ ಕಳಿಸಿ, ಅದು ಬಂದಾಗ ಅಪ್‌ಡೇಟ್ ಕರೀರಿ. ಪೇಂಟ್ ಫಂಕ್ಷನ್ ನೀವೇ ಕರೀಲಿಕ್ಕೆ ಇಲ್ಲ.

ಮಡಗಾಂವ್_ಕೋಡರ್:
ಅಂದ ಹಾಗೆ ಕಾರ್ಖಾನೆಯವ್ರಿಗೆ ಸೋರ್ಸ್ ಕೋಡ್ ಕೊಡದೆ ಮಾರ್ತೀರಾ? ಪೈಕ್ಯೂಟಿ ಜಿಪಿಎಲ್ (ಪ್ರೋಗ್ರಾಂ ಕೊಟ್ರೆ ಸೋರ್ಸ್ ಕೋಡೂ ಕೊಡ್ಬೇಕು ಅನ್ನೋ ಲೈಸೆನ್ಸ್), ಇಲ್ಲಾ ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕು. ಅದೇ ಥರದ ಪೈಸೈಡ್6 ಎಲ್‌ಜಿಪಿಎಲ್‌ನಲ್ಲೂ ಸಿಗುತ್ತೆ, ಅದರಲ್ಲಿ ನಿಮ್ಮ ಕೋಡ್ ಕೊಡ್ಬೇಕಂತಿಲ್ಲ. ಕೋಡ್ ಹೆಚ್ಚುಕಮ್ಮಿ ಹಾಗೇ ಓಡುತ್ತೆ, ಇಂಪೋರ್ಟ್ ಬದಲಿಸಿ, ಪೈಕ್ಯೂಟಿಸಿಗ್ನಲ್ ಅಂತ ಇದ್ದಲ್ಲಿ ಸಿಗ್ನಲ್ ಅಂತ ಮಾಡಿ.