ಭಾವಗೀತೆ ಕಾರ್ಯಕ್ರಮ: ಸ್ಪೀಕರ್ ಎಲ್ಲಿಟ್ಟರೆ ಹಿಂದಿನ ಸಾಲಿಗೂ ಸಾಹಿತ್ಯ ಕೇಳಿಸುತ್ತದೆ?

ತೆಂಗಿನತೋಟ:

ಎಲ್ಲರಿಗೂ ನಮಸ್ಕಾರ. ನಮ್ಮೂರು ತಿಪಟೂರಿನ ಹತ್ತಿರ. ರಾಜ್ಯೋತ್ಸವಕ್ಕೆ ಪ್ರತಿವರ್ಷ ಭಾವಗೀತೆ ಕಾರ್ಯಕ್ರಮ ಮಾಡುತ್ತೇವೆ. ಹಾಡುವವರು ಆರು ಜನ, ಜೊತೆಗೆ ಹಾರ್ಮೋನಿಯಂ, ತಬಲಾ, ಕೊಳಲು, ಕೀಬೋರ್ಡ್, ರಿದಂ ಪ್ಯಾಡ್. ಜಾಗ ಸಮುದಾಯ ಭವನ. ಉದ್ದ ಸುಮಾರು 80 ಅಡಿ, ಅಗಲ 40. ಮೇಲೆ ಶೀಟು, ಕೆಳಗೆ ಟೈಲ್ಸು, ಅಕ್ಕಪಕ್ಕ ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಅದೇ ಚಪ್ಪಾಳೆ ಇನ್ನೊಂದು ಸಲ ಕೇಳಿಸುವಂಥ ಹಾಲ್.

ಹೋದ ವರ್ಷ ಬಾಡಿಗೆಗೆ ಬಂದ ಸೌಂಡ್ಸ್‌ನವರು ಎರಡೂ ದೊಡ್ಡ ಬಾಕ್ಸನ್ನು ವೇದಿಕೆಯ ಮೇಲೇ, ಹಾಡುವವರ ಬೆನ್ನ ಹಿಂದೆ ಇಟ್ಟರು. ಮುಂದೆ ಇಟ್ಟರೆ ಬ್ಯಾನರ್ ಮರೆಯಾಗುತ್ತದೆ, ಫೋಟೋಗೆ ಅಡ್ಡ ಬರುತ್ತದೆ ಅಂತ ಸಮಿತಿಯವರೇ ಹೇಳಿದ್ದರಂತೆ. ವಾಲ್ಯೂಮ್ ಏರಿಸಿದರೆ ಕುಂಯ್ ಅನ್ನೋದು, ಇಳಿಸಿದರೆ ಹಿಂದಿನವರು ಗಲಾಟೆ. ಮುಂದಿನ ಸೋಫಾದಲ್ಲಿ ಕೂತ ಗಣ್ಯರು ಕಿವಿಗೆ ಕೈ ಇಟ್ಟುಕೊಂಡಿದ್ದರು. ಹಿಂದೆ ಕೂತವರಿಗೆ ಸದ್ದು ಬರುತ್ತಿತ್ತು, ಆದರೆ ಯಾವ ಹಾಡು ಅಂತ ಗೊತ್ತಾಗಬೇಕಾದರೆ ಪಲ್ಲವಿ ಎರಡು ಸಲ ಬರಬೇಕಿತ್ತು.

ಈ ಸಲ ಸಂಘಕ್ಕೇ ಅಂತ 15 ಇಂಚಿನ ಎರಡು ಪವರ್ಡ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವಂಥವು) ತಗೊಂಡಿದ್ದೇವೆ. 12 ಇಂಚಿನ ಇನ್ನೆರಡು ಗೆಳೆಯರೊಬ್ಬರು ಕೊಡುತ್ತಾರೆ. ಒಂದು ಮಾನಿಟರ್ (ಹಾಡುವವರಿಗೆ ತಮ್ಮ ದನಿ ಕೇಳಿಸಲು ಅವರ ಕಡೆ ತಿರುಗಿಸಿ ಇಡುವ ಸ್ಪೀಕರ್) ಇದೆ, ಸಣ್ಣ ಡಿಜಿಟಲ್ ಮಿಕ್ಸರ್ (ಎಲ್ಲ ಮೈಕ್‌ಗಳ ಸದ್ದು ಕೂಡಿಸಿ ಹೊಂದಿಸುವ ಪೆಟ್ಟಿಗೆ) ಬಾಡಿಗೆಗೆ ಬರುತ್ತದೆ. ಎಲ್ಲಿ, ಎಷ್ಟು ಎತ್ತರಕ್ಕೆ, ಯಾವ ಕಡೆ ಮುಖ ಮಾಡಿ ಇಡಬೇಕು? ಸ್ವಲ್ಪ ಬಿಡಿಸಿ ಹೇಳಿ.

ಮಿಕ್ಸರ್ ಮುಂದೆ:

ಮೊದಲು ಒಂದು ಗೆರೆ ಎಳೆಯಿರಿ. ವೇದಿಕೆಯಲ್ಲಿ ಮೈಕ್‌ಗಳು ನಿಲ್ಲುವ ಸಾಲು ಇದೆಯಲ್ಲ, ಆ ಗೆರೆ. ಜನರ ಕಡೆಗೆ ಹಾಡುವ ಸ್ಪೀಕರ್ ಯಾವುದೂ ಆ ಗೆರೆಯ ಹಿಂದೆ ಇರಕೂಡದು. ನಾಲ್ಕೈದು ಅಡಿಯಾದರೂ ಮುಂದೆ ಬರಬೇಕು. ಸ್ಪೀಕರ್ ಹಿಂದಿದ್ದರೆ ಅದರ ಸದ್ದು ನೇರ ಮೈಕ್ ಒಳಗೆ ಹೋಗುತ್ತದೆ, ಮೈಕ್‌ನಿಂದ ಮತ್ತೆ ಸ್ಪೀಕರ್‌ಗೆ, ಅಲ್ಲಿಂದ ಮತ್ತೆ ಮೈಕ್‌ಗೆ. ಕುಂಯ್ ಅನ್ನುವುದು, ಅಂದರೆ ಹೌಲಿಂಗ್, ಅದೇ ಸುತ್ತು. ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ ಎಷ್ಟು ಕಡ್ಡಿ ಇಳಿಸಿದರೂ ಬಾಕ್ಸ್ ತಪ್ಪು ಜಾಗದಲ್ಲಿದ್ದರೆ ದನಿಯ ಜೀವ ಹೋಗುತ್ತದೆಯೇ ಹೊರತು ಹೌಲಿಂಗ್ ಹೋಗುವುದಿಲ್ಲ. ಫೋಟೋದವರಿಗೆ ಹೇಳಿ, ಜನ ಬರುವುದು ಕೇಳೋಕೆ.

ಎತ್ತರದ ವಿಷಯ. ಬಾಕ್ಸನ್ನು ನೆಲದ ಮೇಲೋ ಕುರ್ಚಿ ಮೇಲೋ ಇಟ್ಟರೆ ಮೊದಲೆರಡು ಸಾಲಿನವರ ಮೈಯೇ ಅದನ್ನು ನುಂಗುತ್ತದೆ, ಅದರಲ್ಲೂ ಮಾತು ಬಿಡಿಸಿ ಕೇಳಿಸುವ ಮೇಲಿನ ಸ್ವರಗಳನ್ನು. ಸ್ಟ್ಯಾಂಡ್ ಹಾಕಿ. ಬಾಕ್ಸ್‌ನ ಮೇಲ್ಭಾಗದ ಹಾರ್ನ್ (ಮೇಲಿನ ಸ್ವರ ಹೊರಡುವ ಬಾಯಿ) ನೆಲದಿಂದ 9 ಅಡಿ ಎತ್ತರದಲ್ಲಿರಲಿ. ಕೂತವರ ಕಿವಿ ಸುಮಾರು 4 ಅಡಿಯಲ್ಲಿರುತ್ತದೆ. ಇಷ್ಟು ಎತ್ತರದಿಂದ ಬಾಕ್ಸನ್ನು 5 ಡಿಗ್ರಿ ಮಾತ್ರ ಕೆಳಗೆ ಬಗ್ಗಿಸಿದರೆ ಅದರ ನೇರ ನೋಟ ಹತ್ತಿರಹತ್ತಿರ 57 ಅಡಿ ದೂರದ ಕಿವಿಗೆ ಬೀಳುತ್ತದೆ, ಅಂದರೆ ನಿಮ್ಮ ಹಾಲ್‌ನಲ್ಲಿ ಕೊನೆಯ ಸಾಲುಗಳಿಗೆ. 10 ಡಿಗ್ರಿ ಬಗ್ಗಿಸಿದರೆ 28 ಅಡಿಗೇ ಬೀಳುತ್ತದೆ, ಜಾಸ್ತಿಯಾಯಿತು. ಬಗ್ಗಿಸದೇ ನೆಟ್ಟಗೆ ಇಟ್ಟರೆ ಅರ್ಧ ಸದ್ದು ಶೀಟಿಗೆ ಮತ್ತು ಹಿಂದಿನ ಗೋಡೆಗೆ ಹೋಗಿ ಅಲ್ಲಿಂದ ಕಲಸಿಕೊಂಡು ವಾಪಸ್ ಬರುತ್ತದೆ. ಕೆಲವು ಬಾಕ್ಸ್‌ಗಳ ಅಡಿಯಲ್ಲಿ ಸ್ಟ್ಯಾಂಡ್ ಕೂರಿಸಲು ಎರಡು ತೂತು ಇರುತ್ತವೆ, ಒಂದು ನೆಟ್ಟಗೆ ಒಂದು ಓರೆ. ಒಮ್ಮೆ ತಿರುಗಿಸಿ ನೋಡಿ.

ಇನ್ನು ಸೋಫಾ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಬಾಕ್ಸ್‌ನಿಂದ 6 ಅಡಿಯಲ್ಲಿ ಕೂತವರಿಗೂ 48 ಅಡಿಯಲ್ಲಿ ಕೂತವರಿಗೂ 18 ಡೆಸಿಬಲ್ ವ್ಯತ್ಯಾಸ. ಹಾಲ್ ಒಳಗೆ ಗೋಡೆಯಿಂದ ತಿರುಗಿದ ಸದ್ದು ಸೇರಿಕೊಳ್ಳುವುದರಿಂದ ಅಷ್ಟು ಇಳಿಯುವುದಿಲ್ಲ, ಆದರೆ ಹಾಗೆ ಸೇರಿದ್ದು ಬರೀ ಗದ್ದಲ. ಹಿಂದಿನವರಿಗೆ ಸದ್ದಿದೆ, ಸಾಹಿತ್ಯ ಇಲ್ಲ ಅಂದಿರಲ್ಲ, ಕಾರಣ ಇದೇ. ಮೊದಲ ಸಾಲನ್ನು 12 ಅಡಿಗೆ ತಳ್ಳಿ. ಗಣ್ಯರು ಬೇಜಾರು ಮಾಡಿಕೊಂಡರೆ ಹೂವಿನ ಕುಂಡ ಅಡ್ಡ ಇಟ್ಟು "ಅಲಂಕಾರಕ್ಕೆ ಜಾಗ ಬಿಟ್ಟಿದ್ದೇವೆ" ಅನ್ನಿ.

ಎರಡೂ ಬಾಕ್ಸನ್ನು ಸ್ವಲ್ಪ ಒಳಮುಖವಾಗಿ ತಿರುಗಿಸಿ. ಪಕ್ಕದ ಗೋಡೆಗೆ ಬಡಿಯುವುದು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಹಾರ್ನ್ 90 ಡಿಗ್ರಿ ಅಗಲ ಹರಡುವಂಥದ್ದಾದರೆ ಬಾಕ್ಸ್‌ನ ಮುಖದಿಂದ ಅತ್ತ 45, ಇತ್ತ 45. ಆ ಹೊರ ಅಂಚು ಗೋಡೆಯ ಗುಂಟ ಹೋಗಬೇಕು, ಗೋಡೆಯ ಒಳಗೆ ಅಲ್ಲ.

ಹಳೇ ಆಂಪ್ಲಿಫೈಯರ್:

ಮೇಲಿನವರು ಹೇಳಿದ್ದು ಸರಿ, ಆದರೆ ನನ್ನದೊಂದು ತಕರಾರು. ಇಂಥ ಹಾಲ್‌ಗೆ 15 ಇಂಚಿನ ಬಾಕ್ಸೇ ಯಾಕೆ? ಭಾವಗೀತೆಗೆ ಎದೆ ನಡುಗುವ ಬೇಸ್ ಬೇಕಿಲ್ಲ. ಹಿಂದೆ ದೇವಸ್ಥಾನ, ಶಾಲೆ, ಮಂಟಪಗಳಲ್ಲಿ ಉದ್ದನೆಯ ಕಾಲಂ ಸ್ಪೀಕರ್ ಇರುತ್ತಿದ್ದವು, ಈಗಲೂ ಇವೆ. ಸಣ್ಣ ಸ್ಪೀಕರ್‌ಗಳನ್ನು ಒಂದರ ಮೇಲೊಂದು ಜೋಡಿಸಿದ್ದರಿಂದ ಅದು ಪಕ್ಕಕ್ಕೆ ಅಗಲವಾಗಿ ಹರಡುತ್ತದೆ, ಮೇಲೆ ಕೆಳಗೆ ಕಡಿಮೆ ಹರಡುತ್ತದೆ. ಶೀಟಿನ ಹಾಲ್‌ಗೆ ಬೇಕಾದದ್ದು ಅದೇ ಗುಣ. ಜನ ಏನು ಮಾಡುತ್ತಾರೆ? ಬಾಗಿಲ ಮೇಲೆ ಜಾಗ ಸಿಕ್ಕಿತು ಅಂತ ಅದನ್ನು ಅಡ್ಡ ಮಲಗಿಸಿ ಹೊಡೆಯುತ್ತಾರೆ. ಆಗ ಪೂರ್ತಿ ಉಲ್ಟಾ. ಚಾವಣಿಗೂ ನೆಲಕ್ಕೂ ಸದ್ದು, ಪಕ್ಕದಲ್ಲಿ ಕೂತವರಿಗೆ ಏನೂ ಇಲ್ಲ. ಎಷ್ಟು ಊರಲ್ಲಿ ನೋಡಿದ್ದೇನೋ!

ಇರಲಿ, ಸಂಘ ಆಗಲೇ ದುಡ್ಡು ಹಾಕಿದೆ. ಹಾಗಾದರೆ ಒಂದು ಕೆಲಸ ಮಾಡಿ. ಹಾಡುವ ಎಲ್ಲ ಮೈಕ್‌ಗೂ ಮಿಕ್ಸರ್‌ನಲ್ಲಿ ಲೋ ಕಟ್ (ಕೆಳಗಿನ ಸ್ವರ ಕತ್ತರಿಸುವ ಗುಂಡಿ) ಒತ್ತಿ. 100 ಹರ್ಟ್ಸ್‌ಗಿಂತ ಕೆಳಗೆ ಗಾಯಕರ ಮೈಕ್‌ನಲ್ಲಿ ಬರುವುದು ಹಲಗೆಯ ಧಡಧಡ ಮತ್ತು ತಬಲಾದ ಎಡದ ಗುಮ್ಮು, ಹಾಡು ಅಲ್ಲ. ನಿಮ್ಮ ವೇದಿಕೆ ಒಳಗೆ ಟೊಳ್ಳಾಗಿದ್ದರೆ ಬಾಕ್ಸ್‌ನ ಸ್ಟ್ಯಾಂಡನ್ನು ಅದರ ಮೇಲೆ ಇಡಲೇಬೇಡಿ, ಪಕ್ಕದ ನೆಲದ ಮೇಲೆ ನಿಲ್ಲಿಸಿ. ಕಾಲನ್ನು ಪೂರ್ತಿ ಅಗಲಿಸಿ ಮರಳು ಚೀಲ ಹಾಕಿ, ಮಕ್ಕಳು ಓಡಾಡುತ್ತಾರೆ.

ಶ್ರುತಿಪೆಟ್ಟಿಗೆ:

ನಾನು ಹಾಡುವವಳು, ವೇದಿಕೆಯ ಈ ಕಡೆಯಿಂದ ಎರಡು ಮಾತು. ಎಲ್ಲರೂ ಜನರ ಕಡೆ ಇರುವ ಬಾಕ್ಸ್ ಬಗ್ಗೆ ಬರೆಯುತ್ತೀರಿ, ನಮ್ಮ ಮುಂದಿನ ಮಾನಿಟರ್ ಕೊನೆಗೆ ಎಲ್ಲಿ ಜಾಗ ಉಳಿಯಿತೋ ಅಲ್ಲಿ. ನಮ್ಮ ದನಿ ನಮಗೆ ಕೇಳಿಸದಿದ್ದರೆ ಸುಮ್ನೆ ಕಿರುಚುತ್ತೇವೆ, ಮೂರನೇ ಹಾಡಿಗೆ ಗಂಟಲು ಹೋಗುತ್ತದೆ, ಶ್ರುತಿ ಮೇಲೆ ಕೆಳಗೆ ಆಗುತ್ತದೆ.

ಮಾನಿಟರ್ ಎಲ್ಲಿ ಅನ್ನುವುದು ಮೈಕ್ ಯಾವುದು ಅನ್ನುವುದರ ಮೇಲೆ ನಿಂತಿದೆ. ಶೂರ್ ಎಸ್‌ಎಂ 58 ಥರದ ಕಾರ್ಡಿಯಾಯ್ಡ್ (ಮುಂದಿನಿಂದ ಹೆಚ್ಚು ಕೇಳಿಸಿಕೊಳ್ಳುವ) ಮೈಕ್ ತನ್ನ ಬಾಲದ ಕಡೆಯಿಂದ ಅತಿ ಕಡಿಮೆ ಕೇಳಿಸಿಕೊಳ್ಳುತ್ತದೆ, ಹಾಗಾಗಿ ಮಾನಿಟರ್ ಗಾಯಕರ ನೇರ ಎದುರಿಗೆ, ಮೈಕ್‌ನ ಬಾಲದ ದಿಕ್ಕಿನಲ್ಲಿ ಇರಬೇಕು. ಬೀಟಾ 58 ಥರದ ಸೂಪರ್ ಕಾರ್ಡಿಯಾಯ್ಡ್ (ಮುಂದೆ ಇನ್ನೂ ಕಿರಿದಾಗಿ ಕೇಳಿಸಿಕೊಳ್ಳುವ ಮೈಕ್) ಆದರೆ ಕಿವುಡು ಜಾಗ ಬಾಲದಲ್ಲಿಲ್ಲ. ಮೈಕ್‌ನ ಬಾಯಿಯಿಂದ ಅಳೆದರೆ ಹೆಚ್ಚುಕಡಿಮೆ 125 ಡಿಗ್ರಿಯಲ್ಲಿ, ಎರಡೂ ಪಕ್ಕಕ್ಕೆ ಇದೆ. ಆಗ ಮಾನಿಟರನ್ನು ಎದುರಿಗಲ್ಲ, ಓರೆಯಾಗಿ ಎಡಕ್ಕೋ ಬಲಕ್ಕೋ ಇಡಬೇಕು. ನಿಮ್ಮಲ್ಲಿರುವುದು ಒಂದೇ ಮಾನಿಟರ್. ಅದನ್ನು ಹಾಡುವವರಿಗೆ ಕೊಡಿ. ರಿದಂ ಪ್ಯಾಡ್ ನುಡಿಸುವವರು ಖಂಡಿತ ಕೇಳುತ್ತಾರೆ, ಅವರಿಗೆ ಹೆಡ್‌ಫೋನ್ ಕೊಡಿ. ಮಾನಿಟರ್‌ನಲ್ಲಿ ದನಿ ಮತ್ತು ಹಾರ್ಮೋನಿಯಂ ಸಾಕು.

ಇನ್ನೊಂದು, ಇದು ಗಾಯಕರಿಗೇ ಹೇಳಬೇಕಾದ್ದು. ಮೈಕ್‌ನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬೇಡಿ. ನೋಡೋಕೆ ಸ್ಟೈಲಾಗಿರುತ್ತದೆ, ಆದರೆ ಹಾಗೆ ಹಿಡಿದರೆ ಮೈಕ್ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳಲು ಶುರು ಮಾಡುತ್ತದೆ, ಕುಂಯ್ ಗ್ಯಾರಂಟಿ. ತುಟಿಯಿಂದ ನಾಲ್ಕು ಇಂಚಿನಲ್ಲಿದ್ದ ಮೈಕನ್ನು ಎರಡು ಇಂಚಿಗೆ ತಂದರೆ 6 ಡೆಸಿಬಲ್ ಪುಕ್ಕಟೆ ಸಿಗುತ್ತದೆ. ಹಾಡದೇ ಕೂತಿರುವವರ ಮೈಕ್ ಆಫ್ ಮಾಡಿಸಿ. ತೆರೆದಿರುವ ಮೈಕ್‌ಗಳು ಎರಡು ಪಟ್ಟಾದಾಗಲೆಲ್ಲ ಹೌಲಿಂಗ್ ಆಗದಂತೆ ಏರಿಸಬಹುದಾದ ಮಟ್ಟ 3 ಡೆಸಿಬಲ್ ಇಳಿಯುತ್ತದೆ. ಎಂಟು ಮೈಕ್ ಬಾಯಿ ತೆರೆದು ಕೂತರೆ ಒಂದೇ ಮೈಕ್‌ಗಿಂತ 9 ಡೆಸಿಬಲ್ ನಷ್ಟ.

ಎಕೋ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಗಾಯಕರೆಲ್ಲ "ಅಣ್ಣ, ಸ್ವಲ್ಪ ಎಕೋ ಹಾಕಿ" ಅನ್ನುತ್ತಾರೆ. ಹಾಲ್ ಆಗಲೇ ಧಾರಾಳವಾಗಿ ಕೊಡುತ್ತಿದೆ. ಬೇಕಾದರೆ ಮಾನಿಟರ್‌ಗೆ ಮಾತ್ರ ಚೂರು ಹಾಕಿ, ಖುಷಿಯಾಗಿ ಹಾಡುತ್ತಾರೆ. ಜನರ ಕಡೆ ಬೇಡ.

ತೆಂಗಿನತೋಟ:

ತುಂಬಾ ಧನ್ಯವಾದ. ಬಾಕ್ಸ್ ಮುಂದೆ ತರುವುದಕ್ಕೆ ಸಮಿತಿ ಒಪ್ಪಿದೆ, ಬ್ಯಾನರನ್ನು ಎರಡು ಅಡಿ ಮೇಲೆ ಕಟ್ಟುತ್ತಾರಂತೆ. ಆದರೆ 12 ಇಂಚಿನ ಜೋಡಿ ವಿಷಯದಲ್ಲಿ ಜಗಳ. ಅಧ್ಯಕ್ಷರು ನಾಲ್ಕೂ ಮುಂದೆಯೇ ಜೋಡಿಸಿ, ಜಾಸ್ತಿ ಪವರ್ ಬರುತ್ತೆ ಅಂತಾರೆ. ನನಗೆ ಹಾಲ್ ಮಧ್ಯದಲ್ಲಿ ಇಡೋಣ ಅನಿಸುತ್ತದೆ. ಯಾವುದು ಸರಿ? ಮಿಕ್ಸರ್ ಟೇಬಲ್ ಎಲ್ಲಿಡಬೇಕು ಅಂತಲೂ ಹೇಳಿ, ಹೋದ ವರ್ಷ ವೇದಿಕೆಯ ಪಕ್ಕದ ಕೋಣೆಯಲ್ಲಿತ್ತು.

ಮಿಕ್ಸರ್ ಮುಂದೆ:

ಮಧ್ಯದಲ್ಲಿ ಇಡಿ, ನಿಮ್ಮ ಅನಿಸಿಕೆಯೇ ಸರಿ. ಬೇರೆಬೇರೆ ಅಳತೆಯ ಎರಡು ಬಾಕ್ಸ್ ಪಕ್ಕಪಕ್ಕ ನಿಂತು ಒಂದೇ ಹಾಡು ನುಡಿಸಿದರೆ ಎರಡರ ಅಲೆಗಳು ಕೆಲವು ಸ್ವರದಲ್ಲಿ ಕೂಡುತ್ತವೆ, ಕೆಲವು ಸ್ವರದಲ್ಲಿ ಒಂದನ್ನೊಂದು ಕೊಲ್ಲುತ್ತವೆ. ಈ ಕುರ್ಚಿಯಲ್ಲಿ ಒಂದು ಥರ, ಆ ಕುರ್ಚಿಯಲ್ಲಿ ಇನ್ನೊಂದು ಥರ ಕೇಳಿಸುತ್ತದೆ. ಪವರ್ ಸಿಗುತ್ತದೆ ನಿಜ, ಅದು ಸಿಗುವುದು ಸೋಫಾದವರಿಗೆ.

ಮಧ್ಯದ ಜೋಡಿಗೆ ಒಂದು ಶರತ್ತು, ಡಿಲೇ (ಸದ್ದನ್ನು ಚೂರು ತಡವಾಗಿ ಬಿಡುವುದು) ಹಾಕಲೇಬೇಕು. ಕರೆಂಟಿನಲ್ಲಿ ಸದ್ದು ತಕ್ಷಣ ಅಲ್ಲಿಗೆ ಮುಟ್ಟುತ್ತದೆ, ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ ನಡೆದು ಬರಬೇಕು. ಅಡಿಗೆ ಹತ್ತಿರಹತ್ತಿರ 0.9 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಮುಂದಿನ ಬಾಕ್ಸ್‌ನಿಂದ ಮಧ್ಯದ ಬಾಕ್ಸ್‌ಗೆ 45 ಅಡಿ ಇದ್ದರೆ 40 ಮಿಲಿಸೆಕೆಂಡ್. ಅದರ ಮೇಲೆ ಇನ್ನೊಂದು 10 ಸೇರಿಸಿ 50 ಹಾಕಿ. ಕಿವಿಯ ಸ್ವಭಾವ ಏನೆಂದರೆ ಮೊದಲು ಬಂದ ಸದ್ದಿನ ಕಡೆಯಿಂದಲೇ ಹಾಡು ಬರುತ್ತಿದೆ ಅಂತ ನಂಬುತ್ತದೆ. ಹಾಗಾಗಿ ಹಿಂದಿನ ಸಾಲಿನವರಿಗೆ ಪಕ್ಕದ ಬಾಕ್ಸ್ ಗೊತ್ತೇ ಆಗುವುದಿಲ್ಲ, ವೇದಿಕೆಯಿಂದಲೇ ಸ್ಪಷ್ಟವಾಗಿ ಬಂದಂತೆ ಇರುತ್ತದೆ. ಡಿಲೇ ಇಲ್ಲದಿದ್ದರೆ ಅದೇ ಪದ ಎರಡು ಸಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಮನವಮಿ ಕಛೇರಿ ನಡೆಯುವ ಆ ಉದ್ದ ಪೆಂಡಾಲ್ ಥರದ ಜಾಗಕ್ಕೆ ಬರೀ ಮುಂದಿನ ಬಾಕ್ಸ್ ಏರಿಸಿ ಕೊನೆಯ ಕುರ್ಚಿ ಮುಟ್ಟಲು ಹೋಗುವುದು ದಡ್ಡತನ. ಮಧ್ಯದ ಜೋಡಿಯ ಬೇಸ್ ಪೂರ್ತಿ ಇಳಿಸಿ, ಅವು ಇರುವುದು ಮಾತಿಗೆ ಮಾತ್ರ. ಅವುಗಳ ಮುಖ ಹಿಂದಿನ ಸಾಲಿನ ಕಡೆ ಇರಲಿ, ವೇದಿಕೆಯ ಕಡೆ ಅಲ್ಲ. ನಿಮ್ಮ ಮಿಕ್ಸರ್‌ನಲ್ಲಿ ಔಟ್‌ಪುಟ್ ಡಿಲೇ ಇದೆಯಾ ಅಂತ ಬಾಡಿಗೆಗೆ ತರುವ ಮೊದಲೇ ಕೇಳಿ. ಸಣ್ಣ ಡಿಜಿಟಲ್ ಮಿಕ್ಸರ್ ಎಲ್ಲದರಲ್ಲೂ ಇರುವುದಿಲ್ಲ.

ಕರಾವಳಿ ಕಿವಿ:

ಹಾಲ್ ಅಲ್ಲದಿದ್ದರೂ ಒಂದು ವಿಷಯ ಸೇರಿಸುತ್ತೇನೆ, ಮುಂದೆ ಯಾರಾದರೂ ಓದುವವರಿಗೆ. ನಮ್ಮ ಕಡೆ ಬಯಲಲ್ಲಿ ಯಕ್ಷಗಾನ. ಭಾಗವತರು ರಂಗಸ್ಥಳದ ಹಿಂಭಾಗದಲ್ಲಿ ಕೂರುತ್ತಾರೆ, ಪಕ್ಕದಲ್ಲೇ ಚಂಡೆ. ಚಂಡೆಗೆ ಮೈಕೇ ಬೇಡ, ಭಾಗವತರ ಮೈಕ್ ಮೂಲಕವೇ ಬೇಕಾದಷ್ಟು ಬರುತ್ತದೆ. ಬಯಲಲ್ಲಿ ಗೋಡೆಯ ಕಾಟ ಇಲ್ಲ, ಬದಲಿಗೆ ರಾತ್ರಿಯ ಕಾಟ. ಹೊತ್ತು ಮುಳುಗಿದ ಮೇಲೆ ನೆಲದ ಹತ್ತಿರದ ಗಾಳಿ ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಆಗ ಮೇಲೆ ಹೋಗಬೇಕಾದ ಸದ್ದು ಬಾಗಿ ನೆಲಕ್ಕೇ ಬರುತ್ತದೆ. ಸಂಜೆ ಆರಕ್ಕೆ ಸರಿಯಿದ್ದ ಮಟ್ಟ ಹನ್ನೊಂದಕ್ಕೆ ದೂರದ ಮನೆಯವರ ನಿದ್ದೆ ಕೆಡಿಸುತ್ತದೆ. ಹಾಗಾಗಿ ಎರಡು ದೊಡ್ಡ ಬಾಕ್ಸ್ ದೂರಕ್ಕೆ ಎಸೆಯುವ ಬದಲು ನಾಲ್ಕು ಸಣ್ಣವನ್ನು ಜನರ ಹತ್ತಿರ, ಕೆಳಮುಖವಾಗಿ ಇಡುವುದು ಮೇಲು.

2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಸಮುದಾಯ ಭವನದಂಥ ಮುಚ್ಚಿದ ಜಾಗಕ್ಕೆ ವಿನಾಯಿತಿ ಇದೆ. ನಮ್ಮಲ್ಲಿ ಕಾಲಮಿತಿ ಆಟ (ರಾತ್ರಿಯಿಡೀ ಅಲ್ಲ, ಕೆಲವೇ ಗಂಟೆಯ ಯಕ್ಷಗಾನ) ಜಾಸ್ತಿಯಾಗಲು ಈ ಹತ್ತು ಗಂಟೆಯೂ ಒಂದು ಕಾರಣ. ನಿಮ್ಮ ಹಾಲ್‌ಗೂ ಅನುಮತಿ ಪತ್ರ ಕೈಯಲ್ಲಿರಲಿ, ಕಿಟಕಿ ಮುಚ್ಚಿ.

ಮಿಕ್ಸರ್ ಮುಂದೆ:

ಟೇಬಲ್ ವಿಷಯ ಬಿಟ್ಟಿದ್ದೆ. ಪಕ್ಕದ ಕೋಣೆಯಲ್ಲಿ ಕೂತರೆ ಆಪರೇಟರ್‌ಗೆ ಜನರಿಗೆ ಕೇಳುವುದು ಕೇಳಿಸುವುದೇ ಇಲ್ಲ. ಜನರ ನಡುವೆ, ವೇದಿಕೆಯಿಂದ ಮೂವತ್ತು ನಲವತ್ತು ಅಡಿಯಲ್ಲಿ ಇಡಿ, ಮಧ್ಯದ ಜೋಡಿಗಿಂತ ಸ್ವಲ್ಪ ಮುಂದೆ. ಹಿಂದಿನ ಗೋಡೆಗೆ ಒತ್ತಿ ಇಡಬೇಡಿ, ಗೋಡೆಯ ಹತ್ತಿರ ಬೇಸ್ ಉಬ್ಬಿ ಕೇಳುತ್ತದೆ, ಅದನ್ನು ನಂಬಿ ಆಪರೇಟರ್ ಬೇಸ್ ಇಳಿಸಿದರೆ ಉಳಿದವರಿಗೆ ತಗಡಿನ ದನಿ. ಕೇಬಲ್ ನೆಲದ ಮೇಲೆ ಟೇಪ್ ಹಾಕಿ ಅಂಟಿಸಿ.

ಮಧ್ಯಾಹ್ನ ಖಾಲಿ ಹಾಲ್‌ನಲ್ಲಿ ಟೆಸ್ಟ್ ಮಾಡುವಾಗ ಗದ್ದಲ ಜಾಸ್ತಿ ಅನಿಸುತ್ತದೆ, ಗಾಬರಿ ಬೇಡ. ಜನ ಕೂತ ಮೇಲೆ ಅವರ ಬಟ್ಟೆ, ಮೈ ಸಾಕಷ್ಟು ಹೀರಿಕೊಳ್ಳುತ್ತದೆ, ಮೇಲಿನ ಸ್ವರ ಮಂಕಾಗುತ್ತದೆ, ಫೇಡರ್ (ಮಿಕ್ಸರ್‌ನಲ್ಲಿ ಸದ್ದು ಏರಿಸಿ ಇಳಿಸುವ ಕಡ್ಡಿ) ಮತ್ತೆ ಮುಟ್ಟಬೇಕಾಗುತ್ತದೆ. ಅದಕ್ಕೆ ಮೊದಲ ಹಾಡನ್ನು ಗಟ್ಟಿ ಗಂಟಲಿನವರಿಗೆ ಕೊಡಿ, ಮೆಲುದನಿಯವರು ಮೂರನೆಯದಕ್ಕೆ ಬರಲಿ. ಅಷ್ಟರಲ್ಲಿ ಒಬ್ಬರನ್ನು ಕೊನೆಯ ಸಾಲಿಗೆ ಕಳಿಸಿ, ಸಾಹಿತ್ಯ ಗೊತ್ತಿಲ್ಲದವರನ್ನೇ ಕಳಿಸಿ. ಹಾಡು ಬಾಯಿಪಾಠ ಇರುವವರು ಎಲ್ಲಿ ಕೂತರೂ ಚೆನ್ನಾಗಿ ಕೇಳ್ತಿದೆ ಅಂತಲೇ ಹೇಳುತ್ತಾರೆ.