ಅಜ್ಜನ ಅಣ್ಣ ಹಡಗಿನಲ್ಲಿ ಹೋದವರು ಬರಲಿಲ್ಲ: ಯುದ್ಧಸ್ಮಾರಕದಲ್ಲಿ ಹೆಸರು ಬರೆಸಬಹುದಾ?

ಪ್ರಶ್ನೆ: ನಮಸ್ಕಾರ. ನಮ್ಮದು ಗಂಗೊಳ್ಳಿ ಕಡೆ. ನನ್ನ ಅಜ್ಜನ ಅಣ್ಣ ಬೊಂಬಾಯಿಗೆ ಹೋಗಿ ಬಿ.ಐ. (ಬ್ರಿಟಿಷ್ ಇಂಡಿಯಾ) ಕಂಪನಿ ಹಡಗಿನಲ್ಲಿ ಖಲಾಸಿಯಾಗಿದ್ದರು. 1942ರ ದೀಪಾವಳಿ ಕಳೆದ ಮೇಲೆ ಆಫ್ರಿಕಾಕ್ಕೆ ಹೊರಟ ಹಡಗು ಮುಳುಗಿತು ಅಂತಷ್ಟೇ ಮನೆಗೆ ಸುದ್ದಿ ಬಂದದ್ದು. ದೇಹ ಸಿಗಲಿಲ್ಲ, ತಾರೀಕೂ ಗೊತ್ತಿಲ್ಲ. ಹಾಗಾಗಿ ಮಹಾಲಯ ಅಮಾವಾಸ್ಯೆಗೆ ಎಲ್ಲರ ಜೊತೆ ಅವರಿಗೂ ಒಂದು ಪಿಂಡ ಇಡುತ್ತೇವೆ. ಅವರ ಹೆಸರನ್ನು ಸರ್ಕಾರದ ಲೆಕ್ಕದಲ್ಲಿ ಎಲ್ಲಾದರೂ ಸೇರಿಸಬಹುದಾ? ನಮ್ಮ ಹತ್ತಿರ ಒಂದು ಫೋಟೊ, ಒಂದು ಮನಿಯಾರ್ಡರ್ ರಸೀದಿ ಬಿಟ್ಟರೆ ಬೇರೇನಿಲ್ಲ.

ಉತ್ತರ: ನಾನು ಹಡಗು ನೌಕರರ ಹಳೆಯ ದಾಖಲೆ ಹುಡುಕುವ ಕೆಲಸದಲ್ಲಿದ್ದೇನೆ. ನೀವು ಹೇಳಿದ ಕಾಲ, ಕಂಪನಿ, ದಾರಿ ಮೂರೂ ಒಂದು ಹಡಗಿಗೆ ಹೊಂದುತ್ತವೆ: ಎಸ್‌.ಎಸ್‌. ತಿಲಾವಾ. 1942ರ ನವೆಂಬರ್ 20ರಂದು ಮುಂಬೈಯಿಂದ ಮೊಂಬಾಸಾ, ಡರ್ಬನ್ ಕಡೆಗೆ ಹೊರಟಿತ್ತು. 23ರ ಬೆಳಗಿನ ಜಾವ ಜಪಾನಿನ ಐ-29 ಜಲಾಂತರ್ಗಾಮಿ ಎರಡು ಟಾರ್ಪಿಡೊ ಹೊಡೆದು ಮುಳುಗಿಸಿತು. ಹಡಗಿನಲ್ಲಿದ್ದ 958 ಜನರಲ್ಲಿ 280 ಮಂದಿ ಸತ್ತರು. ಉಳಿದವರನ್ನು ಎಚ್‌.ಎಂ.ಎಸ್‌. ಬರ್ಮಿಂಗ್‌ಹ್ಯಾಮ್ ಮತ್ತು ಕಾರ್ತೇಜ್ ಹಡಗುಗಳು ಎತ್ತಿಕೊಂಡವು. ನಿಮ್ಮವರು ಇದೇ ಹಡಗಿನಲ್ಲಿದ್ದರು ಎಂದು ಈಗಲೇ ಗಟ್ಟಿಮಾಡಿಕೊಳ್ಳಬೇಡಿ. ಆದರೆ ಹುಡುಕುವುದನ್ನು ಇಲ್ಲಿಂದಲೇ ಶುರುಮಾಡಿ.

ಅರ್ಜಿ ಬರೆಯುವ ಮೊದಲು ಒಂದು ಕೆಲಸ ಇದೆ. ಅವರ ಹೆಸರು ಈಗಾಗಲೇ ಬರೆದಿಟ್ಟಿದೆಯೋ ಎಂದು ನೋಡಬೇಕು. ಎರಡನೇ ಮಹಾಯುದ್ಧದಲ್ಲಿ ಸತ್ತು ಸಮಾಧಿ ಇಲ್ಲದ ಅವಿಭಜಿತ ಭಾರತದ ನಾವಿಕರ ಹೆಸರುಗಳನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ (ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಸಂಸ್ಥೆ) ಗೌರವ ಪುಸ್ತಕಗಳಲ್ಲಿ ಬರೆಸಿದೆ. ಒಂದು ಪ್ರತಿ ಚಿತ್ತಗಾಂಗ್‌ನಲ್ಲಿದೆ, ಇನ್ನೊಂದು ಮುಂಬೈಯ ಇಂಡಿಯನ್ ಸೈಲರ್ಸ್ ಹೋಮ್‌ನಲ್ಲಿ. ಆರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಲಂಡನ್ನಿನ ಟವರ್ ಹಿಲ್‌ನಲ್ಲಿ ಬ್ರಿಟಿಷ್ ವ್ಯಾಪಾರಿ ನಾವಿಕರ ಹೆಸರುಗಳನ್ನು ಕಂಚಿನ ಫಲಕಗಳಲ್ಲಿ ಎರಕ ಹೊಯ್ದು ತೋಟದ ನಡುವೆ ನಿಲ್ಲಿಸಿದ್ದಾರೆ. ಅದೇ ಹಡಗುಗಳ ಕಲ್ಲಿದ್ದಲ ಕೋಣೆಯಲ್ಲಿ ಬೆಂದ ನಮ್ಮವರಿಗೆ ಸಿಕ್ಕಿದ್ದು ಮುಚ್ಚಿಟ್ಟ ಪುಸ್ತಕದ ಹಾಳೆ. ಇದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಕಮಿಷನ್ನಿನ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಹೆಚ್ಚಾಗಿ ಸಿಗುವುದಿಲ್ಲ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ನಾರಾಯಣ ನರೈನ್ ಆಗಿರಬಹುದು, ಮಂಜುನಾಥ ಬರೀ ಮಂಜು ಆಗಿರಬಹುದು, ತಂದೆಯ ಹೆಸರೇ ಅಡ್ಡಹೆಸರಾಗಿ ಕೂತಿರಬಹುದು. ಗಂಗೊಳ್ಳಿ ಅಂತ ಯಾರೂ ಬರೆದಿರುವುದಿಲ್ಲ, ಮಂಗಳೂರು ಅಂತಲೋ ಸೌತ್ ಕೆನರಾ ಅಂತಲೋ ಇದ್ದರೆ ಅದೇ ಪುಣ್ಯ. ಹೆಸರು ಬಿಡಿ, ಹಡಗಿನ ಹೆಸರು ಮತ್ತು ಸಾವಿನ ತಾರೀಕು ಹಾಕಿ ಹುಡುಕಿ. ಬಂದ ಪಟ್ಟಿಯನ್ನು ಮನೆಯ ಹಿರಿಯರ ಮುಂದೆ ಜೋರಾಗಿ ಓದಿ. ಕಣ್ಣಿಗೆ ತಪ್ಪಿದ್ದು ಕಿವಿಗೆ ಸಿಗುತ್ತದೆ.

ಪ್ರಶ್ನೆ (ಅದೇ ಸದಸ್ಯರು): ಅಲ್ಲಿ ಸಿಗದೇ ಹೋದರೆ?

ಉತ್ತರ: ಆಗ ಪುರಾವೆ ಒಟ್ಟುಮಾಡಬೇಕು. ಮೂರು ಸಂಗತಿ ತೋರಿಸಬೇಕಾಗುತ್ತದೆ: ಅವರು ಆ ಹಡಗಿನ ನೌಕರರಾಗಿದ್ದರು, ಸತ್ತರು, ಸತ್ತದ್ದು ಯುದ್ಧದಿಂದ. ಮನೆಯ ನೆನಪು ದಾರಿ ತೋರಿಸುತ್ತದೆಯೇ ಹೊರತು ಪುರಾವೆ ಎಂದು ಒಪ್ಪುವುದಿಲ್ಲ. ಆ ಕಾಲದ ಕಾಗದ ಬೇಕು.

ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಬಿ.ಟಿ. 381 ಎಂಬ ಸರಣಿ ಇದೆ, ಯುದ್ಧಕಾಲದ ಲಾಗ್‌ಬುಕ್ ಮತ್ತು ಸಿಬ್ಬಂದಿ ಕರಾರುಗಳದ್ದು. ಬಿ.ಟಿ. 334ರಲ್ಲಿ ಸಮುದ್ರದಲ್ಲಿ ಸತ್ತ ನಾವಿಕರ ರಿಜಿಸ್ಟರುಗಳಿವೆ. ಬಿ.ಟಿ. 381ನ್ನು ಹಡಗಿನ ಅಧಿಕೃತ ಸಂಖ್ಯೆಯ ಮೇಲೆ ಜೋಡಿಸಿಟ್ಟಿದ್ದಾರೆ, ಹಾಗಾಗಿ ಮೊದಲು ಲಾಯ್ಡ್ಸ್ ರಿಜಿಸ್ಟರ್ ಎಂಬ ಹಡಗುಗಳ ಪಟ್ಟಿಯಲ್ಲಿ ಆ ಸಂಖ್ಯೆ ಹುಡುಕಿಕೊಳ್ಳಿ. ಮುಳುಗಿದ ಹಡಗಿನ ಲಾಗ್‌ಬುಕ್ ಅದರ ಜೊತೆಗೇ ಹೋಗಿರುತ್ತದೆ. ದಡದಲ್ಲಿ ಬಿಟ್ಟುಹೋದ ಸಿಬ್ಬಂದಿ ಪಟ್ಟಿ ಉಳಿದಿರುವ ಸಾಧ್ಯತೆ ಇದೆ.

ಅಂಥ ಪಟ್ಟಿಯ ಹಾಳೆ ಒಮ್ಮೆ ಕೈಗೆ ಬಂದರೆ ಮರೆಯಲಾಗುವುದಿಲ್ಲ. ಮೇಲೆ ಖಲಾಸಿಗಳ ಮುಖ್ಯಸ್ಥ ಸೇರಂಗ, ಕೆಳಗೆ ಅವನ ಸಹಾಯಕ ಟಿಂಡಾಲ, ಖಲಾಸಿಗಳು, ಬೆಂಕಿ ಕೋಣೆಯ ಆಗ್ವಾಲಾಗಳು, ಅಡುಗೆಯ ಭಂಡಾರಿ, ಕೊನೆಗೆ ಗುಡಿಸುವ ಟೋಪಾಸ. ಸಹಿಯ ಜಾಗದಲ್ಲಿ ಸಾಲಾಗಿ ಹೆಬ್ಬೆಟ್ಟು. ಕೆಲವು ಮಸಿ ಹರಡಿ ಮಸುಕಾಗಿರುತ್ತವೆ, ಕೆಲವದರಲ್ಲಿ ಚರ್ಮದ ಗೆರೆ ಇನ್ನೂ ಎಣಿಸುವ ಹಾಗಿರುತ್ತವೆ.

ಮನೆಯಲ್ಲೂ ಹುಡುಕಿ. ಅವರ ಹಳೆಯ ನಲ್ಲಿ, ಅಂದರೆ ನೌಕರಿ ಪುಸ್ತಕ, ಟ್ರಂಕಿನ ತಳದಲ್ಲಿ ಇದ್ದರೂ ಇರಬಹುದು. ಮನಿಯಾರ್ಡರ್ ರಸೀದಿಯ ಅಂಚೆ ಮುದ್ರೆಯನ್ನು ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ, ತಾರೀಕು ಓದಲು ಬಂದರೆ ಉಪಯೋಗಕ್ಕೆ ಬರುತ್ತದೆ. ಎಲ್ಲ ಸೇರಿಸಿ ಕಮಿಷನ್ನಿಗೆ ಕಳಿಸಿದರೆ, ಅವರು ಪರಿಶೀಲಿಸಿ ಸಂಬಂಧಪಟ್ಟ ಸರ್ಕಾರದ ಒಪ್ಪಿಗೆ ಕೇಳುತ್ತಾರೆ. ವರ್ಷಗಟ್ಟಲೆ ಹಿಡಿಯಬಹುದು. ಕೇಳಲು ಸಂಕೋಚ ಬೇಡ. ಮೊದಲ ಮಹಾಯುದ್ಧದಲ್ಲಿ ಸತ್ತವರ ಪೈಕಿ ಕನಿಷ್ಠ 1,16,000 ಮಂದಿಯನ್ನು, ಬಹುಶಃ 3,50,000ದವರೆಗೆ, ಹೆಸರಿನಿಂದ ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ ಎಂದು ಕಮಿಷನ್ ನೇಮಿಸಿದ ಸಮಿತಿಯೇ 2021ರಲ್ಲಿ ಹೇಳಿದೆ. ಹೆಚ್ಚಿನವರು ಆಫ್ರಿಕಾ, ಮಧ್ಯಪ್ರಾಚ್ಯದವರು. ಬಿಟ್ಟುಹೋದ ಹೆಸರು ಸೇರಿಸುವುದು ಅವರ ಕರ್ತವ್ಯ, ನಾವು ಬೇಡುವ ಉಪಕಾರ ಅಲ್ಲ.

ಇನ್ನೊಬ್ಬರು: ನಮ್ಮ ತಾತ 1943ರಲ್ಲಿ ಹಡಗಿನಲ್ಲೇ ಜ್ವರ ಬಂದು ತೀರಿಕೊಂಡರು, ಸಮುದ್ರಕ್ಕೇ ಬಿಟ್ಟರಂತೆ. ಅವರಿಗೂ ಆಗುತ್ತದಾ?

ಉತ್ತರ: ನಿಯಮದ ಪ್ರಕಾರ ಆಗುವುದಿಲ್ಲ, ಹೇಳಲು ಬೇಸರವಾಗುತ್ತದೆ. ರಾಯಲ್ ಇಂಡಿಯನ್ ನೇವಿಯವರಾಗಿದ್ದರೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರೊಳಗೆ ಸೇವೆಯಲ್ಲಿದ್ದಾಗ ಯಾವ ಕಾರಣಕ್ಕೆ ಸತ್ತರೂ ಸೇರಿಸುತ್ತಾರೆ. ವ್ಯಾಪಾರಿ ಹಡಗಿನವರಿಗೆ ಮಾತ್ರ ಸಾವು ಯುದ್ಧದ ಕಾರಣದಿಂದಲೇ ಆಗಿರಬೇಕು. ಅದೇ ಸಮುದ್ರ, ಅದೇ ಅಪಾಯ, ಆದರೂ ಎರಡು ಅಳತೆ. ಆದರೆ ಒಂದು ವಿಷಯ ವಿಚಾರಿಸಿ: ಅದಕ್ಕೆ ಮುಂಚೆ ಅವರ ಹಡಗು ಮುಳುಗಿ ದೋಣಿಯಲ್ಲಿ ದಿನ ಕಳೆದಿದ್ದರಾ, ಸೆರೆಯಲ್ಲಿದ್ದರಾ? ಆ ಬಳಲಿಕೆಯಿಂದ ಬಂದ ಕಾಯಿಲೆ ಎಂದು ಕಾಗದ ಸಿಕ್ಕರೆ ವಾದಕ್ಕೆ ದಾರಿ ಇದೆ.

ಮತ್ತೊಬ್ಬರು: ತಿಲಾವಾದಲ್ಲಿ ಪ್ರಯಾಣಿಕರೂ ಸತ್ತರಲ್ಲ, ಅವರ ಹೆಸರು?

ಉತ್ತರ: ಅವರದು ಇನ್ನೂ ಕಷ್ಟ. ಆ ಪುಸ್ತಕಗಳು ಸೇವೆಯಲ್ಲಿದ್ದವರಿಗೆ ಮಾತ್ರ. ಕುಟುಂಬದವರೇ ಮುಂದೆ ಬಂದು, ಎಂಬತ್ತನೇ ವರ್ಷ ತುಂಬಿದ 2022ರ ನವೆಂಬರ್ 23ರಂದು ಮುಂಬೈಯಲ್ಲಿ ಸೇರಿ ಸ್ಮರಿಸಿದರು. ಅದೇ ಹಡಗಿನಲ್ಲಿ ಬೆಳ್ಳಿ ಇತ್ತು, 2,364 ಗಟ್ಟಿ. 2017ರಲ್ಲಿ ಸಮುದ್ರದ ತಳದಿಂದ ಅದನ್ನು ಎತ್ತಿದರು, ಮೊಕದ್ದಮೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 2024ರಲ್ಲಿ ತೀರ್ಪಾಯಿತು. ಗಟ್ಟಿಗಳನ್ನು ಒಂದೂ ತಪ್ಪದಂತೆ ಎಣಿಸಿದ್ದಾರೆ. ಸತ್ತ ಪ್ರಯಾಣಿಕರ ಹೆಸರುಗಳನ್ನೂ ಹಾಗೇ ಎಣಿಸಿ ಒಂದು ಕಲ್ಲಿನ ಮೇಲೆ ಕೆತ್ತಿಸಿ ಎಂದು ನಾವೇ ಕೇಳಬೇಕು, ಭಾರತ ಸರ್ಕಾರವನ್ನೂ ಕೇಳಬೇಕು.

ಮೊದಲ ಸದಸ್ಯರು: ಸಿಕ್ಕಿತು ಅನ್ನಿಸುತ್ತಿದೆ! ತಿಲಾವಾ ಪಟ್ಟಿ ಓದುತ್ತಿದ್ದಾಗ ಒಂದು ಹೆಸರಿಗೆ ದೊಡ್ಡಮ್ಮ ತಡೆದರು. ಸ್ಪೆಲಿಂಗ್ ಪೂರಾ ಬೇರೆ, ತಂದೆ ಹೆಸರು ಖಾಲಿ.

ಉತ್ತರ: ಅವರೇ ಆಗಿದ್ದರೆ ನೀವು ಕೇಳಬೇಕಾದದ್ದು ಹೊಸ ಸೇರ್ಪಡೆಯಲ್ಲ, ತಿದ್ದುಪಡಿ. ಅದು ಸುಲಭ. ತಂದೆಯ ಹೆಸರು, ಊರಿಗೆ ಪುರಾವೆ ಕೊಟ್ಟು ದಾಖಲೆ ಸರಿಪಡಿಸಿ ಎಂದು ಬರೆಯಿರಿ. ಹಳೆಯ ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಒಟ್ಟಿಗೆ ಇದ್ದರೆ ಅದರ ನಕಲೂ ಇರಲಿ. ಮುಂಬೈಯಲ್ಲಿ ನೆಂಟರಿದ್ದರೆ ಸೈಲರ್ಸ್ ಹೋಮ್‌ಗೆ ಮೊದಲೇ ತಿಳಿಸಿ ಹೋಗಿ ಆ ಪುಟದ ಫೋಟೊ ತರಲಿ.

ಇನ್ನೊಂದು ಮಾತು, ದೊಡ್ಡಮ್ಮನಿಗೆ ಹೇಳಿ. 1942ರ ನವೆಂಬರ್ 22 ಕಾರ್ತಿಕ ಹುಣ್ಣಿಮೆ. ಹಡಗು ಮುಳುಗಿದ್ದು ಆ ರಾತ್ರಿ ಕಳೆದು ಬೆಳಗಾಗುವ ಮುಂಚೆ. ತಿಥಿ ಹುಣ್ಣಿಮೆಯೋ ಪಾಡ್ಯವೋ ಎಂಬುದನ್ನು ನಿಮ್ಮ ಪುರೋಹಿತರು ಲೆಕ್ಕ ಹಾಕಿ ಹೇಳಲಿ. ಪತ್ರದ ಕರಡು ತಯಾರಾದಾಗ ಇಲ್ಲೇ ಹಾಕಿ, ಕಳಿಸುವ ಮೊದಲು ಒಮ್ಮೆ ನೋಡುತ್ತೇನೆ.